ಪಿಆರ್ ಇನ್ನೂ ಬಂದಿಲ್ಲ, ಪರ್ಮಿಟ್ ಮುಗೀತಾ ಬಂತು: ಕೆನಡಾದ ಒಂದು ಪ್ರಕರಣ

ಇದು ಕೆನಡಾದಲ್ಲಿ ನನ್ನ ಪರಿಚಯದ ಒಬ್ಬ ಹುಡುಗಿಗೆ 2024ರಲ್ಲಿ ಆಗಿದ್ದು. ಪಿಆರ್ ಅಂದ್ರೆ ಇಲ್ಲೇ ಖಾಯಂ ಆಗಿ ಇರೋಕೆ ಸಿಗೋ ಅನುಮತಿ, ಪರ್ಮಿಟ್ ಅಂದ್ರೆ ಅದು ಬರೋವರೆಗೆ ಕೆಲಸ ಮಾಡೋಕೆ ಬೇಕಾದ ವರ್ಕ್ ಪರ್ಮಿಟ್. ಅವಳನ್ನ ಕೇಳೇ ಬರೀತಿದೀನಿ. ಹೆಸರು ಹೇಳಲ್ಲ, ಕಂಪನಿ ಹೇಳಲ್ಲ, ಊರನ್ನೂ ಒಂಟಾರಿಯೋ ಅನ್ನೋ ಅಷ್ಟಕ್ಕೇ ಬಿಡ್ತೀನಿ. ತಾರೀಕುಗಳನ್ನ ಮಾತ್ರ ಹಾಗೇ ಇಟ್ಟಿದೀನಿ, ಯಾಕಂದ್ರೆ ಈ ಕಥೆ ಪೂರ್ತಿ ಇರೋದೇ ತಾರೀಕಲ್ಲಿ. ಯಾವ ಅರ್ಜಿ ಯಾವ ದಿನ ಒಳಗೆ ಹೋಯ್ತು, ಆ ದಿನ ಕೈಯಲ್ಲಿದ್ದ ಪರ್ಮಿಟ್‌ಗೆ ಜೀವ ಇತ್ತಾ ಇಲ್ವಾ, ಇಷ್ಟರ ಮೇಲೇ ಎಲ್ಲಾ ನಿಂತಿತ್ತು.

ಮೊದಲೇ ಹೇಳಿಬಿಡ್ತೀನಿ, ನಾನು ಲಾಯರೂ ಅಲ್ಲ ಕನ್ಸಲ್ಟೆಂಟೂ ಅಲ್ಲ. ಕೆನಡಾದಲ್ಲಿ ಲೈಸೆನ್ಸ್ ಇಲ್ದೆ ದುಡ್ಡು ತಗೊಂಡು ಇಮಿಗ್ರೇಷನ್ ಸಲಹೆ ಕೊಡೋ ಹಾಗಿಲ್ಲ. ನಾನು ದುಡ್ಡು ತಗೊಂಡಿಲ್ಲ, ಕೊನೆಗೆ ಒಂದು ಡಬ್ಬ ಚಕ್ಕುಲಿ ಬಂತು ಅಷ್ಟೇ. ಅವಳಿಗಿಂತ ಹತ್ತು ವರ್ಷ ಮುಂಚೆ ಇದೇ ದಾರೀಲಿ ಬಂದವಳು ಅಂತ ನನ್ನ ಹತ್ರ ಕೇಳ್ತಿದ್ಳು, ಅಕ್ಕ ಅಂತ ಕರೀತಾಳೆ.

ಹಿನ್ನೆಲೆ

ಬೆಂಗಳೂರಲ್ಲಿ ಇಂಜಿನಿಯರಿಂಗ್ ಮುಗಿಸಿ ಸ್ವಲ್ಪ ವರ್ಷ ಕೆಲಸ ಮಾಡಿ ಒಂಟಾರಿಯೋದ ಒಂದು ಕಾಲೇಜಿಗೆ ಎರಡು ವರ್ಷದ ಕೋರ್ಸಿಗೆ ಬಂದಿದ್ಳು. ಕೋರ್ಸ್ ಮುಗಿದ ಮೇಲೆ ಎಲ್ಲರ ಹಾಗೇ ಪಿಜಿಡಬ್ಲ್ಯೂಪಿ ಹಾಕಿದ್ಳು, ಅಂದ್ರೆ ಓದು ಮುಗಿಸಿದವರಿಗೆ ಕೊಡೋ ಓಪನ್ ವರ್ಕ್ ಪರ್ಮಿಟ್, ಯಾವ ಕಂಪನೀಲಾದ್ರೂ ಕೆಲಸ ಮಾಡಬಹುದು. ಅದು ಜೀವಮಾನದಲ್ಲಿ ಒಂದೇ ಸಲ ಸಿಗೋದು. ನವೆಂಬರ್ 2021ರಲ್ಲಿ ಸಿಕ್ತು, ಜೂನ್ 23, 2024ರವರೆಗೆ. ಸಾಫ್ಟ್‌ವೇರ್ ಡೆವಲಪರ್ ಕೆಲಸ, ಒಳ್ಳೇ ಟೀಮು, ಒಂದು ವರ್ಷದ ಕೆನಡಾ ಅನುಭವ ಆದ ತಕ್ಷಣ ಎಕ್ಸ್‌ಪ್ರೆಸ್ ಎಂಟ್ರಿ ಪೂಲ್‌ಗೆ ಅಂದ್ರೆ ಪಿಆರ್ ಬೇಕಾದವರನ್ನ ಅಂಕದ ಮೇಲೆ ಆರಿಸೋ ಪಟ್ಟಿಗೆ ಪ್ರೊಫೈಲ್ ಹಾಕಿ ಕೂತಳು.

ಕೂತಳು ಅಂದ್ರೆ ನಿಜವಾಗ್ಲೂ ಕೂತಳು. ಸ್ಕೋರು 496. ಇಂತಿಷ್ಟು ಅಂಕದಿಂದ ಮೇಲಿರೋರನ್ನ ಆಗಾಗ ಕರೀತಾರೆ, ಅದಕ್ಕೇ ಡ್ರಾ ಅನ್ನೋದು. 2024ರ ಶುರುವಿನ ಜನರಲ್ ಡ್ರಾಗಳೆಲ್ಲ 524ರಿಂದ ಮೇಲೇ ಇದ್ವು, ಒಂದು ಸಲ 549ಕ್ಕೂ ಹೋಯ್ತು. ಹಿಂದಿನ ವರ್ಷಗಳಲ್ಲಿ ಪಿಜಿಡಬ್ಲ್ಯೂಪಿ ಮುಗಿಯೋರಿಗೆ ಸರ್ಕಾರ 18 ತಿಂಗಳು ಎಕ್ಸ್‌ಟೆನ್ಷನ್ ಕೊಡ್ತಿತ್ತು, ಅದು 2023ರ ಡಿಸೆಂಬರ್ ಕೊನೆ ಒಳಗೆ ಮುಗಿಯೋರಿಗೆ ಮಾತ್ರ ಅಂತ ಇತ್ತು. ಇವಳದ್ದು ಜೂನ್ 2024. ಹೀಗೆ ಮಧ್ಯದಲ್ಲಿ ಸಿಕ್ಕಿಹಾಕ್ಕೊಂಡೋರು ತುಂಬಾ ಜನ ಇದ್ರು ಆಗ.

ಆಮೇಲೆ ಏಪ್ರಿಲ್ 11ಕ್ಕೆ ಸ್ಟೆಮ್ ಕೆಟಗರಿ ಡ್ರಾ, ಅಂದ್ರೆ ವಿಜ್ಞಾನ ತಂತ್ರಜ್ಞಾನದ ಕೆಲಸದವರಿಗೆ ಮಾತ್ರ ಮಾಡೋ ಡ್ರಾ ಆಯ್ತು, ಕಟ್‌ಆಫ್ 491. ಐಟಿಎ ಬಂತು, ಅಂದ್ರೆ ಬಾ ಅರ್ಜಿ ಹಾಕು ಅನ್ನೋ ಕರೆ. ರಾತ್ರಿ ಫೋನ್ ಮಾಡಿ ಅತ್ತಿದ್ದು ನೆನಪಿದೆ. ಅರ್ಜಿ ಹಾಕೋಕೆ 60 ದಿನ.

ಸಮಸ್ಯೆ ಎಲ್ಲಿ ಶುರುವಾಯ್ತು

60 ದಿನ ಅಂದ್ರೆ ಬೇಕಾದಷ್ಟಾಯ್ತು ಅನ್ಸುತ್ತೆ, ಆದ್ರೆ ಸಾಲಲ್ಲ. ಎರಡು ಪೇಪರು ಅವಳನ್ನ ಸತಾಯಿಸಿದ್ವು. ಒಂದು ಇಂಡಿಯಾದ ಪಿಸಿಸಿ, ಪೊಲೀಸ್ ಕ್ಲಿಯರೆನ್ಸು, ಕಳೆದ ಹತ್ತು ವರ್ಷದಲ್ಲಿ ಒಂದೇ ಸಮ ಆರು ತಿಂಗಳು ಇದ್ದ ಪ್ರತಿ ದೇಶದ್ದೂ ಬೇಕು. ಇನ್ನೊಂದು ಹಳೇ ಕಂಪನಿಯ ರೆಫರೆನ್ಸ್ ಲೆಟರ್, ಅದರಲ್ಲಿ ಏನೇನ್ ಕೆಲಸ ಮಾಡ್ತಿದ್ಳು ವಾರಕ್ಕೆ ಎಷ್ಟು ಗಂಟೆ ಸಂಬಳ ಎಷ್ಟು ಅಂತೆಲ್ಲ ಇರಬೇಕು, ಅಲ್ಲಿನ ಎಚ್‌ಆರ್ ಬರೀ ಇಂತಿಂಥ ತಾರೀಕಿಂದ ಇಂತಿಂಥ ತಾರೀಕಿನವರೆಗೆ ಇದ್ರು ಅಂತ ಎರಡು ಸಾಲು ಕೊಟ್ಟು ಕೈತೊಳೆದುಕೊಂಡಿತ್ತು. ಹಳೇ ಮ್ಯಾನೇಜರ್ ಹಿಡಿದು ಗೋಗರೆದು ತರಿಸಿದ್ದಾಯ್ತು. ಕೊನೆಗೆ ಪಿಆರ್ ಅರ್ಜಿ ಸಬ್ಮಿಟ್ ಆಗಿದ್ದು ಜೂನ್ 3, ಸೋಮವಾರ. ಗಡುವು ಜೂನ್ 10. ಫೀಸು ಏಪ್ರಿಲ್ 30ರಿಂದ ಏರಿತ್ತು, ಒಟ್ಟು 1525 ಡಾಲರ್.

ಪರ್ಮಿಟ್ ಮುಗಿಯೋದು ಜೂನ್ 23. ಪಿಆರ್‌ಗೆ ಸಾಧಾರಣ ಆರು ತಿಂಗಳು ಹಿಡಿಯುತ್ತೆ. ಮಧ್ಯದ ಆರು ತಿಂಗಳು ಏನ್ಮಾಡೋದು?

ಇದಕ್ಕೇ ಅಂತಾನೇ ಇರೋದು ಬ್ರಿಡ್ಜಿಂಗ್ ಓಪನ್ ವರ್ಕ್ ಪರ್ಮಿಟ್, ಎಲ್ಲರೂ ಬಿಓಡಬ್ಲ್ಯೂಪಿ ಅಂತಾರೆ. ಪಿಆರ್ ಫೈಲ್ ಒಳಗಿದೆ, ಪರ್ಮಿಟ್ ಮುಗೀತಿದೆ, ಆ ಕಂದಕಕ್ಕೊಂದು ಸೇತುವೆ. ಫೀಸು 255 ಡಾಲರ್, ಪರ್ಮಿಟ್‌ದು 155 ಮತ್ತೆ ಓಪನ್ ಅಂತ ಮೇಲೆ 100. ಅವಳು ಪಿಆರ್ ಸಬ್ಮಿಟ್ ಮಾಡಿದ ಮಾರನೇ ದಿನಾನೇ, ಜೂನ್ 4ಕ್ಕೆ, ಅದನ್ನೂ ಹಾಕಿಬಿಟ್ಟಳು. ಸಬ್ಮಿಟ್ ಒತ್ತಿದ ತಕ್ಷಣ ಅಕೌಂಟಿಗೆ ಬಂದಿದ್ದ ಎಓಆರ್ ಲೆಟರನ್ನ, ನಿಮ್ಮ ಅರ್ಜಿ ತಲುಪಿದೆ ಅನ್ನೋ ಲೆಟರನ್ನ, ಅದಕ್ಕೇ ಲಗತ್ತಿಸಿ. ಜೊತೇಲಿ ಕೆಲಸ ಮಾಡೋ ಒಬ್ಬ ಹುಡುಗ ಹಾಗೇ ಮಾಡಿದ್ದನಂತೆ, ಅವನಿಗೆ ಬಂತಂತೆ.

ನನಗೆ ಗೊತ್ತಾಗಿದ್ದು ಜೂನ್ 8ಕ್ಕೋ 9ಕ್ಕೋ, ಏನೋ ಮಾತಾಡ್ತಾ. ಹೊಟ್ಟೇಲಿ ಏನೋ ಒಂಥರಾ ಆಯ್ತು. ಯಾಕಂದ್ರೆ ಬಿಓಡಬ್ಲ್ಯೂಪಿಗೆ ಪಿಆರ್ ಅರ್ಜಿ ಬರೀ ತಲುಪಿದ್ರೆ ಸಾಲದು. ಅದನ್ನ ಯಾರೋ ಒಬ್ಬರು ತೆಗೆದು ನೋಡಿ ಎಲ್ಲಾ ಪೇಪರ್ ಇದೆ, ಪೂರ್ತಿ ಇದೆ ಅಂತ ಟಿಕ್ ಹಾಕಿರಬೇಕು. ರೆಗ್ಯುಲೇಷನ್ಸ್‌ನ 10ನೇ ಸೆಕ್ಷನ್ ಪ್ರಕಾರ ಮಾಡೋ ಚೆಕ್ಕು, ಆರ್10 ಅಂತ ಎಲ್ಲರ ಬಾಯಲ್ಲಿ. ಸಬ್ಮಿಟ್ ಮಾಡಿದ ತಕ್ಷಣ ಬರೋ ಲೆಟರ್ ಕಂಪ್ಯೂಟರ್ ಕಳಿಸೋದು, ಅದಕ್ಕೂ ಆರ್10ಗೂ ಸಂಬಂಧ ಇಲ್ಲ. ಆರ್10 ಆಗೋಕೆ ಮುಂಚೆ ಬಿಓಡಬ್ಲ್ಯೂಪಿ ಫೈಲ್ ಯಾರದಾದ್ರೂ ಟೇಬಲ್‌ಗೆ ಬಂದ್ರೆ ರಿಜೆಕ್ಟ್. ಆ ಹುಡುಗನಿಗೆ ಅದೃಷ್ಟ, ಅವನ ಪರ್ಮಿಟ್ ಫೈಲ್ ತೆಗೆಯೋ ಹೊತ್ತಿಗೆ ಪಿಆರ್‌ದು ಆರ್10 ಆಗಿತ್ತು. ಅದೃಷ್ಟಾನ ನಾವು ರೂಲ್ಸು ಅಂದ್ಕೊಂಡುಬಿಡ್ತೀವಿ, ಅಲ್ಲೇ ಎಡವೋದು.

ಏನೇನು ಯೋಚನೆ ಮಾಡಿದ್ವಿ

ಆ ವಾರ ಎಲ್ಲರೂ ಒಂದೊಂದು ಹೇಳಿದ್ರು.

ಒಬ್ಬ ಮಹಾನುಭಾವ ಫೋನ್‌ನಲ್ಲೇ ಎಲ್‌ಎಂಐಎ ಅರೇಂಜ್ ಮಾಡ್ಕೊಡ್ತೀನಿ ಅಂದ, ಸಾವಿರಾರು ಡಾಲರ್ ಹೇಳ್ದ. ಎಲ್‌ಎಂಐಎ ಅಂದ್ರೆ ಈ ಕೆಲಸಕ್ಕೆ ಇಲ್ಲಿನವರು ಸಿಗ್ತಿಲ್ಲ ಅಂತ ಕಂಪನಿ ಸರ್ಕಾರಕ್ಕೆ ತೋರಿಸಿ ತಗೊಳೋ ಪೇಪರು, ಅದರ 1000 ಡಾಲರ್ ಫೀಸು ಕಂಪನೀನೇ ಕಟ್ಟಬೇಕು, ಕೆಲಸದವರ ಹತ್ರ ವಸೂಲಿ ಮಾಡೋ ಹಾಗೇ ಇಲ್ಲ. ಅದನ್ನ ಮಾರೋದು ಕೊಳ್ಳೋದು ಎರಡೂ ಅಪರಾಧ. ಆ ಫೋನ್ ಬ್ಲಾಕ್ ಮಾಡಿಸಿದ್ದೇ ಮೊದಲ ಕೆಲಸ. ಅವಳ ಕಂಪನಿಯವರೇ ನಿಯತ್ತಾಗಿ ಎಲ್‌ಎಂಐಎ ಹಾಕ್ತಾರಾ ಅಂತ ಮ್ಯಾನೇಜರನ್ನ ಕೇಳಿದ್ಳು, ನೋಡೋಣ ಅಂದ್ರು. ಎರಡು ವಾರದಲ್ಲಿ ಆಗೋ ಮಾತಲ್ಲ ಅದು.

ಇನ್ನೊಂದು ಫ್ಲ್ಯಾಗ್‌ಪೋಲಿಂಗ್. ಕಾರಲ್ಲಿ ಅಮೆರಿಕದ ಬಾರ್ಡರ್‌ಗೆ ಹೋಗಿ, ಆ ಕಡೆ ಒಳಗೆ ಬಿಡಲ್ಲ ಅನ್ನಿಸ್ಕೊಂಡು ಹಾಗೇ ತಿರುಗಿ ಬಂದು, ಕೆನಡಾ ಬಾಗಿಲಲ್ಲಿ ಪರ್ಮಿಟ್ ಕೇಳೋದು. ಅವಳ ಫ್ರೆಂಡ್ ಒಬ್ಬಳು 22ನೇ ತಾರೀಕು ಶನಿವಾರ ನಯಾಗರಕ್ಕೆ ಕರ್ಕೊಂಡು ಹೋಗ್ತೀನಿ ಅಂತ ಕಾರೂ ರೆಡಿ ಮಾಡ್ಕೊಂಡಿದ್ಳು. ನನಗೆ ಇದು ಇಷ್ಟವಾಗ್ಲಿಲ್ಲ. ಕೊನೇ ದಿನಕ್ಕೆ ಇಟ್ಕೊಂಡ ಪ್ಲಾನ್ ಕೆಟ್ರೆ ಇನ್ನೊಂದು ಪ್ಲಾನ್‌ಗೆ ಜಾಗ ಇರಲ್ಲ. ಆಮೇಲೆ ಏನಾಯ್ತು ಅಂತ ಕೇಳಿ, ಜೂನ್ 21 ಶುಕ್ರವಾರ ಸರ್ಕಾರ ಪಿಜಿಡಬ್ಲ್ಯೂಪಿಗೆ ಬಾರ್ಡರ್‌ನಲ್ಲಿ ಅರ್ಜಿ ಹಾಕೋದನ್ನೇ ಅವತ್ತಿಂದಲೇ ನಿಲ್ಲಿಸಿಬಿಡ್ತು. ಅದೇ ವರ್ಷ ಡಿಸೆಂಬರ್ 23ಕ್ಕೆ ಬೇರೆ ವರ್ಕ್ ಪರ್ಮಿಟ್, ಸ್ಟಡಿ ಪರ್ಮಿಟ್‌ಗಳಿಗೂ ಫ್ಲ್ಯಾಗ್‌ಪೋಲಿಂಗ್ ಹೆಚ್ಚುಕಮ್ಮಿ ಮುಗೀತು.

ಈಗ ಅಸಲಿ ತಿರುವು. ಜೂನ್ 15, ಶನಿವಾರ. ಮನೆಗೆ ಬಂದಿದ್ಳು, ಎಲ್ಲಾ ಪೇಪರ್ ಡೈನಿಂಗ್ ಟೇಬಲ್ ಮೇಲೆ ಹರಡ್ಕೊಂಡು ಕೂತಿದ್ವಿ. ನಾನು ಆ ಪರ್ಮಿಟ್ ಹಾಳೇನ ಅವತ್ತೇ ಮೊದಲ ಸಲ ಕೈಯಲ್ಲಿ ಹಿಡ್ಕೊಂಡಿದ್ದು. ನವೆಂಬರ್ 2021ರಿಂದ ಜೂನ್ 2024. ಬೆರಳಲ್ಲಿ ಎಣಿಸಿದೆ, ಎರಡು ವರ್ಷ ಏಳು ತಿಂಗಳು.

"ಎರಡು ವರ್ಷದ ಕೋರ್ಸ್ ಅಲ್ವೇನೇ ಮಾಡಿದ್ದು? ಮೂರು ವರ್ಷ ಬರಬೇಕಿತ್ತಲ್ಲ?"

"ಗೊತ್ತಿಲ್ಲ ಅಕ್ಕ, ಅವರು ಕೊಟ್ಟಿದ್ದೇ ಅಷ್ಟು."

"ಹಳೇ ಪಾಸ್‌ಪೋರ್ಟ್ ತೆಗಿ."

ಹಳೇ ಪಾಸ್‌ಪೋರ್ಟ್ ಎಕ್ಸ್‌ಪೈರಿ: 23 ಜೂನ್ 2024. ಪರ್ಮಿಟ್ ಕೊನೇ ದಿನಾನೂ ಅದೇ. ಇಬ್ಬರೂ ಒಂದು ನಿಮಿಷ ಸುಮ್ನೆ ಕೂತ್ವಿ. ವರ್ಕ್ ಪರ್ಮಿಟ್ ಪಾಸ್‌ಪೋರ್ಟ್ ದಾಟಿ ಕೊಡಲ್ಲ. ಎರಡು ವರ್ಷದ ಕೋರ್ಸಿಗೆ ಮೂರು ವರ್ಷ ಸಿಗಬೇಕಾದವಳಿಗೆ ಪಾಸ್‌ಪೋರ್ಟ್ ಮುಗಿಯೋ ದಿನಕ್ಕೆ ಕತ್ತರಿ ಹಾಕಿ ಕೊಟ್ಟಿದ್ರು. ಹೀಗೆ ಕತ್ತರಿ ಬಿದ್ದವರು ಪಾಸ್‌ಪೋರ್ಟ್ ರಿನ್ಯೂ ಮಾಡಿಸ್ಕೊಂಡು, ಉಳಿದ ತಿಂಗಳುಗಳಿಗೆ ಪಿಜಿಡಬ್ಲ್ಯೂಪಿ ಎಕ್ಸ್‌ಟೆಂಡ್ ಮಾಡಿ ಅಂತ ಕೇಳಬಹುದು. ಜೀವಮಾನಕ್ಕೆ ಒಂದೇ ಸಲ ಅನ್ನೋ ರೂಲ್ ಇದಕ್ಕೆ ಅಡ್ಡ ಬರಲ್ಲ, ಅದೇ ಪರ್ಮಿಟ್‌ನ ಬಾಕಿ ಇದು.

ತಮಾಷೆ ಏನಂದ್ರೆ ಪಾಸ್‌ಪೋರ್ಟ್ ಅವಳು 2023ರ ಡಿಸೆಂಬರ್‌ನಲ್ಲೇ ರಿನ್ಯೂ ಮಾಡಿಸಿದ್ಳು. ಆರು ತಿಂಗಳು ಹೊಸ ಪಾಸ್‌ಪೋರ್ಟ್ ಡ್ರಾಯರಲ್ಲಿ ಇಟ್ಕೊಂಡು, ಪರ್ಮಿಟ್ ಮುಗೀತಿದೆ ಏನ್ಮಾಡ್ಲಿ ಅಂತ ಊರೆಲ್ಲ ಕೇಳ್ತಿದ್ಳು. ಅವಳನ್ನ ಬೈಯೋಕೂ ಆಗಲ್ಲ, ನಾನೂ ಅಷ್ಟು ದಿನದಿಂದ ಬ್ರಿಡ್ಜಿಂಗ್ ಬ್ರಿಡ್ಜಿಂಗ್ ಅಂತ ಅದನ್ನೇ ಜಪ ಮಾಡ್ತಿದ್ದೆ, ಪರ್ಮಿಟ್ ಹಾಳೆ ತೋರಿಸು ಅಂತ ಒಂದು ಮಾತು ಕೇಳಿರ್ಲಿಲ್ಲ.

ಎರಡನೇ ಅರ್ಜಿ

ಈಗ ಪ್ರಶ್ನೆ: ಬಿಓಡಬ್ಲ್ಯೂಪಿ ಆಗ್ಲೇ ಒಳಗಿದೆ, ಅದರ ಮೇಲೆ ಇನ್ನೊಂದು ಹಾಕಬಹುದಾ? ಮೊದಲನೇದನ್ನ ವಾಪಸ್ ತಗೋಬೇಕಾ? ಇನ್ನೊಂದು 255 ಡಾಲರ್ ದಂಡ ಅಲ್ವಾ? ಅವಳಿಗೆ ದುಡ್ಡಿನದ್ದೇ ಸಂಕಟ, ಪಿಆರ್‌ಗೆ ಕಟ್ಟಿ ಖಾಲಿಯಾಗಿದ್ಳು. ನಾನಂದೆ ಹಾಕು, ಮೊದಲನೇದನ್ನ ಮುಟ್ಟಬೇಡ, 23ರ ಒಳಗೆ ಹಾಕು.

ಇದರ ಲೆಕ್ಕ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಈ ಪ್ರಕರಣದಲ್ಲಿ ಜನ ನನ್ನನ್ನ ಮತ್ತೆ ಮತ್ತೆ ಕೇಳೋದು ಇದನ್ನೇ. ಪರ್ಮಿಟ್ ಮುಗಿಯೋಕೆ ಮುಂಚೆ ಎಕ್ಸ್‌ಟೆನ್ಷನ್‌ಗೆ ಅರ್ಜಿ ಹಾಕಿದ್ರೆ, ಉತ್ತರ ಬರೋವರೆಗೂ ಹಳೇ ಪರ್ಮಿಟ್‌ನ ಷರತ್ತುಗಳ ಮೇಲೇ ಕೆಲಸ ಮಾಡ್ತಾ ಇರಬಹುದು, ಇದಕ್ಕೆ ಮೇಂಟೇನ್ಡ್ ಸ್ಟೇಟಸ್ ಅಂತಾರೆ, ಹಳಬರು ಇಂಪ್ಲೈಡ್ ಸ್ಟೇಟಸ್ ಅನ್ನೋರು. ರಿಜೆಕ್ಟ್ ಅಂತ ಉತ್ತರ ಬಂದ್ರೆ ಅವತ್ತಿಗೇ ಮುಗೀತು. ಈಗ ಇವಳು ಬರೀ ಬಿಓಡಬ್ಲ್ಯೂಪಿ ನಂಬ್ಕೊಂಡು ಕೂತು, ಜುಲೈನಲ್ಲಿ ನಿಧಾನಕ್ಕೆ ಎರಡನೇ ಅರ್ಜಿ ಹಾಕಿದ್ಳು ಅನ್ನಿ. ಆಗ ಅವಳು ನಿಂತಿರೋದು ಮೊದಲನೇ ಅರ್ಜಿಯ ನೆರಳಲ್ಲಿ ಮಾತ್ರ. ಅದು ರಿಜೆಕ್ಟ್ ಆದ ದಿನ ನೆರಳೂ ಹೋಯ್ತು, ಎರಡನೇದು ಒಳಗಿದ್ರೂ ಉಪಯೋಗಕ್ಕೆ ಬರಲ್ಲ. ಆಮೇಲೆ ಇರೋದು ರೆಸ್ಟೋರೇಷನ್, 90 ದಿನದ ಒಳಗೆ ಸ್ಟೇಟಸ್ ವಾಪಸ್ ಕೊಡಿ ಅಂತ ಕೇಳ್ಕೊಳೋದು, ಅದು ಮುಗಿಯೋವರೆಗೂ ಒಂದು ದಿನಾನೂ ಕೆಲಸ ಮಾಡೋ ಹಾಗಿಲ್ಲ. ಅದೇ ಎರಡನೇ ಅರ್ಜಿ ಪರ್ಮಿಟ್ ಇನ್ನೂ ಜೀವಂತ ಇರೋವಾಗಲೇ ಒಳಗೆ ಹೋಗಿದ್ರೆ, ಮೊದಲನೇದು ಬಿದ್ರೂ ಎರಡನೇದು ಹಿಡ್ಕೊಳುತ್ತೆ. ಅದೇ ಫಾರ್ಮು, ಅದೇ ಫೀಸು, ತಾರೀಕು ಮಾತ್ರ ಬೇರೆ.

ಜೂನ್ 17 ಸೋಮವಾರ ರಾತ್ರಿ ಹಾಕಿದ್ಳು. ಹಳೇ ಪಾಸ್‌ಪೋರ್ಟ್, ಹೊಸ ಪಾಸ್‌ಪೋರ್ಟ್, ಪರ್ಮಿಟ್ ಕಾಪಿ, ಕಾಲೇಜಿನ ಕಂಪ್ಲೀಷನ್ ಲೆಟರು, ಮಾರ್ಕ್ಸ್ ಟ್ರಾನ್ಸ್‌ಕ್ರಿಪ್ಟು, ಮತ್ತೆ ಒಂದು ಪುಟದ ವಿವರಣೆ ಪತ್ರ. ಆ ಪತ್ರಾನ ಅವಳು ಮೊದಲು ಮೂರು ಪುಟ ಬರ್ದಿದ್ಳು, ಕಷ್ಟ ಎಲ್ಲಾ ತೋಡ್ಕೊಂಡು, ಕೆನಡಾ ಅಂದ್ರೆ ನನಗೆ ಎಷ್ಟು ಪ್ರೀತಿ ಅಂತೆಲ್ಲ. ಎಲ್ಲಾ ಹೊಡೆದು ಹಾಕಿಸಿದೆ. ಪರ್ಮಿಟ್ ಇಂಥ ದಿನ ಕೊಟ್ರಿ, ಕೋರ್ಸ್ ಎರಡು ವರ್ಷದ್ದು, ಪಾಸ್‌ಪೋರ್ಟ್ ಇಂಥ ದಿನ ಮುಗೀತಿದ್ದರಿಂದ ಅಲ್ಲಿಗೇ ನಿಲ್ಲಿಸಿದ್ರಿ, ಈಗ ಹೊಸ ಪಾಸ್‌ಪೋರ್ಟ್ ಇದೆ, ಬಾಕಿ ಅವಧಿ ಕೊಡಿ. ನಾಲ್ಕು ಸಾಲು. ಫೈಲ್ ನೋಡೋ ಮನುಷ್ಯನಿಗೆ ಹುಡುಕೋ ಕೆಲಸ ಇರಬಾರದು ಅಷ್ಟೇ.

ಆಮೇಲೆ ಆಗಿದ್ದು

ಜೂನ್ 24 ಸೋಮವಾರ ಬೆಳಿಗ್ಗೆ ಕಂಪನಿಯ ಎಚ್‌ಆರ್ ಸಿಸ್ಟಮ್‌ನಿಂದ ಮೇಲ್ ಬಂತು, ನಿಮ್ಮ ವರ್ಕ್ ಆಥರೈಸೇಷನ್ ಮುಗಿದಿದೆ ಅಂತ, ಕೆಂಪಕ್ಷರದಲ್ಲಿ. ಮಧ್ಯಾಹ್ನದ ಹೊತ್ತಿಗೆ ಎಚ್‌ಆರ್ ಹೆಂಗಸು ಫೋನ್ ಮಾಡಿ ಹೊಸ ಪರ್ಮಿಟ್ ಕಳಿಸು ಇಲ್ಲಾಂದ್ರೆ ನಾಳೆಯಿಂದ ರಜೆ ಮೇಲೆ ಹಾಕ್ತೀವಿ ಅಂದ್ರು. ಒಳ್ಳೇವ್ರೇ, ಆದ್ರೆ ಅವರ ಮುಂದೆ ಇದ್ದದ್ದು ಒಂದು ತಾರೀಕಿನ ಡಬ್ಬ, ಅದರಲ್ಲಿ ಮೇಂಟೇನ್ಡ್ ಸ್ಟೇಟಸ್ ಅಂತ ಬರೆಯೋ ಜಾಗ ಇಲ್ಲ. ಅವಳು ಎಕ್ಸ್‌ಟೆನ್ಷನ್ ಹಾಕಿದಾಗ ಬಂದಿದ್ದ ಲೆಟರ್, ಫೀಸ್ ರಸೀದಿ, ಮತ್ತೆ ಉತ್ತರ ಬರೋವರೆಗೂ ಕೆಲಸ ಮಾಡಬಹುದು ಅಂತ ಹೇಳೋ ರೆಗ್ಯುಲೇಷನ್ 186(ಯು) ಅನ್ನೋ ನಂಬರ್ ಹಾಕಿ ಒಂದು ಸಣ್ಣ ಮೇಲ್ ಕಳಿಸಿದ್ಳು. ಅವರು ಕಂಪನಿ ಲಾಯರ್‌ಗೆ ಕಳಿಸಿ, ಸಂಜೆ ಸರಿ ಅಂದ್ರು. ಇದನ್ನ ಒಂದು ವಾರ ಮುಂಚೆನೇ ಮಾಡಿದ್ದಿದ್ರೆ ಆ ಒಂದು ದಿನದ ಎದೆಬಡಿತ ಇರ್ತಿರ್ಲಿಲ್ಲ. ಹೆಲ್ತ್ ಕಾರ್ಡೂ ಅದೇ ತಾರೀಕಿಗೆ ಅಂಟ್ಕೊಂಡಿತ್ತು, ಕೆಲಸ ಮಾಡೋಕೆ, ಟ್ಯಾಕ್ಸಿಗೆ ಬೇಕಾದ ಸಿನ್ ನಂಬರೂ ಅಷ್ಟೇ. ಟೆಂಪರರಿ ಇರೋರ ಸಿನ್ 9ರಿಂದ ಶುರುವಾಗೋದು, ಅದಕ್ಕೂ ಎಕ್ಸ್‌ಪೈರಿ ಇರುತ್ತೆ.

ಜುಲೈ 30. ಬಿಓಡಬ್ಲ್ಯೂಪಿ ರಿಜೆಕ್ಟ್.

ಕಾರಣ ಅದೇ, ಪಿಆರ್ ಅರ್ಜಿಯ ಕಂಪ್ಲೀಟ್‌ನೆಸ್ ಚೆಕ್ ಆಗಿಲ್ಲ. ಆ ಲೆಟರ್ ಭಾಷೆ ಓದಿದ್ರೆ ಎಂಥವರಿಗೂ ಕೈಕಾಲು ತಣ್ಣಗಾಗುತ್ತೆ, ಸ್ಟೇಟಸ್ ಇಲ್ದಿದ್ರೆ ದೇಶ ಬಿಡಬೇಕು ಅಂತ ಮಾಮೂಲಿ ಸಾಲು ಇರುತ್ತಲ್ಲ. ಆಫೀಸ್ ವಾಶ್‌ರೂಮಿಂದ ಫೋನ್ ಮಾಡಿದ್ಳು. ನಾಳೆ ಕೆಲಸಕ್ಕೆ ಹೋಗ್ಲಾ ಬೇಡ್ವಾ ಅಕ್ಕ, ಇದೊಂದೇ ಪ್ರಶ್ನೆ. ನನಗೆ ಉತ್ತರ ಗೊತ್ತಿತ್ತು, ಅಥವಾ ಗೊತ್ತಿದೆ ಅಂದ್ಕೊಂಡಿದ್ದೆ. ಆದ್ರೆ ತಪ್ಪಿದ್ರೆ ಅನಧಿಕೃತ ಕೆಲಸ ಅಂತ ಆಗುತ್ತೆ, ಅದು ಪಿಆರ್ ಫೈಲ್‌ಗೇ ಕುತ್ತು. ನನ್ನ ನೆನಪಿನ ಮೇಲೆ ಅವಳ ಪಿಆರ್ ಪಣಕ್ಕಿಡೋದು ಬೇಡ ಅನ್ನಿಸ್ತು. ನಾಳೆ ಸಿಕ್ ಲೀವ್ ಹಾಕು, ಲೈಸೆನ್ಸ್ ಇರೋ ಇಮಿಗ್ರೇಷನ್ ಲಾಯರ್ ಹತ್ರ ಒಂದು ಗಂಟೆ ಟೈಮ್ ತಗೋ, ದುಡ್ಡು ಕೊಟ್ಟು, ಅಂದೆ. ಲಾಯರ್ ಎರಡು ಸ್ಕ್ರೀನ್‌ಶಾಟ್ ಮಾತ್ರ ಕೇಳಿದ್ರಂತೆ: ಪರ್ಮಿಟ್ ಎಕ್ಸ್‌ಪೈರಿ, ಎರಡನೇ ಅರ್ಜಿ ಸಬ್ಮಿಟ್ ಆದ ದಿನ. ನೋಡಿ, ಹೋಗಿ ಕೆಲಸ ಮಾಡಿ, 23ರ ಒಳಗೆ ಹಾಕಿದೀರಿ, ಎರಡನೇದರ ಮೇಲೆ ನಿಂತಿದೀರಿ ಅಂದ್ರಂತೆ. ಅದನ್ನೇ ಒಂದು ಮೇಲ್‌ನಲ್ಲಿ ಬರೆಸ್ಕೊಂಡಳು. ಆಮೇಲೆ ಎಚ್‌ಆರ್‌ಗೆ ಅದನ್ನೇ ತೋರಿಸಿದ್ದು. ಇಡೀ ಆರು ತಿಂಗಳಲ್ಲಿ ಅವಳು ಖರ್ಚು ಮಾಡಿದ ದುಡ್ಡಲ್ಲಿ ಸಾರ್ಥಕ ಆಗಿದ್ದು ಅಂದ್ರೆ ಆ ಒಂದು ಗಂಟೆ ಫೀಸು ಅಂತ ನನ್ನ ಅಭಿಪ್ರಾಯ. ಜೂನ್ 4ರ ಮುಂಚೆ ಅದೇ ಒಂದು ಗಂಟೆ ತಗೊಂಡಿದ್ದಿದ್ರೆ ಮೊದಲ 255 ಉಳೀತಿತ್ತು.

ಮದುವೆ

ಇಷ್ಟರ ಮಧ್ಯೆ ಊರಲ್ಲಿ ತಮ್ಮನ ಮದುವೆ ಗೊತ್ತಾಗಿತ್ತು. ಆಷಾಢ ಕಳೀಲಿ ಅಂತ ಶ್ರಾವಣಕ್ಕೆ ಇಟ್ಟಿದ್ರು. ಒಬ್ಬನೇ ತಮ್ಮ.

ಪಿಆರ್ ಅರ್ಜಿ ಹಾಕಿ ದೇಶ ಬಿಟ್ಟು ಹೋಗಬಾರದು ಅಂತೇನೂ ಇಲ್ಲ. ತೊಂದರೆ ಇದ್ದದ್ದು ಮೇಂಟೇನ್ಡ್ ಸ್ಟೇಟಸ್‌ನಲ್ಲಿ. ಕೆಲಸ ಮಾಡೋ ಹಕ್ಕು ಇರೋದು ಕೆನಡಾದಲ್ಲೇ ಉಳ್ಕೊಂಡಿರೋವರೆಗೆ, ಹೊರಗೆ ಹೋಗಿ ಬಂದ್ರೆ ಹೊಸ ಪರ್ಮಿಟ್ ಕೈಗೆ ಬರೋವರೆಗೂ ಕೆಲಸ ಇಲ್ಲ. ಅದಕ್ಕಿಂತ ಮುಂಚೆ ವಾಪಸ್ ಒಳಗೆ ಬರೋದು ಹೇಗೆ? ವರ್ಕ್ ಪರ್ಮಿಟ್ ವೀಸಾ ಅಲ್ಲ, ಇದು ಎಷ್ಟು ಜನಕ್ಕೆ ಗೊತ್ತಿರಲ್ಲ. ಪರ್ಮಿಟ್ ಕೆಲಸಕ್ಕೆ, ಪಾಸ್‌ಪೋರ್ಟಲ್ಲಿ ಅಂಟಿಸೋ ವೀಸಾ ಬಾಗಿಲು ದಾಟೋಕೆ. ಅವಳ ವೀಸಾ ಹಳೇ ಪಾಸ್‌ಪೋರ್ಟ್ ಜೊತೆಗೇ ಮುಗಿದಿತ್ತು. ಅಂದ್ರೆ ಬೆಂಗಳೂರಲ್ಲಿ ಕೂತು ವೀಸಾಗೆ ಅರ್ಜಿ ಹಾಕಿ ಕಾಯಬೇಕು, ಬಂದ ಮೇಲೂ ಕೆಲಸ ಇಲ್ದೆ ಕಾಯಬೇಕು.

ನಾನು ಹೋಗಬೇಡ ಅನ್ನಲಿಲ್ಲ. ಲೆಕ್ಕ ಮಾತ್ರ ಹೇಳ್ದೆ. ನಾಲ್ಕು ದಿನ ಯೋಚನೆ ಮಾಡಿ ಹೋಗಲ್ಲ ಅಂತ ಅಮ್ಮನಿಗೆ ಫೋನ್ ಮಾಡಿದ್ಳು. ಅವರಮ್ಮನಿಗೆ ಅರ್ಥ ಆಗ್ಲಿಲ್ಲ, ಎಲ್ಲರ ಮಕ್ಕಳೂ ಬರ್ತಾರೆ ನೀನ್ಯಾಕೆ ಬರಲ್ಲ ಅಂತ, ಪಾಪ ಅವರಿಗಾದ್ರೂ ಹೇಗೆ ಅರ್ಥ ಆಗಬೇಕು. ಧಾರೆ ಮುಹೂರ್ತ ಅಲ್ಲಿ ಬೆಳಿಗ್ಗೆ 10:20ಕ್ಕೆ, ಇಲ್ಲಿ ರಾತ್ರಿ ಹನ್ನೆರಡೂ ಮುಕ್ಕಾಲು ದಾಟಿ. ನಮ್ಮನೆಗೇ ಬಂದಿದ್ಳು, ಒಬ್ಬಳೇ ಇರಬೇಡ ಅಂತ ನಾನೇ ಕರೆದಿದ್ದು. ಚಿಕ್ಕಮ್ಮನ ಮಗ ಫೋನ್ ಹಿಡ್ಕೊಂಡಿದ್ದ, ಗಲಾಟೇಲಿ ಯಾರ ಕೈಗೋ ಕೊಟ್ಟ, ಅವರು ಅದನ್ನ ಮೇಲೆ ಮುಖ ಮಾಡಿ ಕುರ್ಚಿ ಮೇಲಿಟ್ಟು ಹೋದ್ರು. ಮಾಂಗಲ್ಯಧಾರಣೆ ಪೂರ್ತಿ ನಮಗೆ ಕಂಡಿದ್ದು ಛತ್ರದ ಸೀಲಿಂಗ್ ಫ್ಯಾನು. ಗಟ್ಟಿಮೇಳ ಕೇಳಿಸ್ತಿತ್ತು. ಅವಳು ಕೈಯಲ್ಲಿದ್ದ ಅಕ್ಷತೇನ ಫೋನಿನ ಮೇಲೇ ಹಾಕಿದ್ಳು.

ಕೊನೆಯ ಸುತ್ತು

ಆಗಸ್ಟ್‌ನಲ್ಲಿ ಇನ್ನೊಂದು ಕೆಲಸ ಮಾಡಿದ್ವಿ, ಜಿಸಿಎಂಎಸ್ ನೋಟ್ಸ್‌ಗೆ ಅರ್ಜಿ. ಅವಳ ಫೈಲ್ ಬಗ್ಗೆ ಒಳಗಡೆ ಏನು ಬರ್ಕೊಂಡಿದಾರೆ ಅನ್ನೋದರ ಪ್ರತಿ, ನಮ್ಮಲ್ಲಿ ಆರ್‌ಟಿಐ ಹಾಕಿದ ಹಾಗೆ. 5 ಡಾಲರ್. ಸೆಪ್ಟೆಂಬರ್‌ನಲ್ಲಿ ಬಂತು. ತುಂಬಾ ಪುಟ, ಅರ್ಧಕ್ಕರ್ಧ ಕೋಡ್ ಭಾಷೆ, ಮಧ್ಯೆ ಎಲ್ಲೋ ಒಂದು ಸಾಲು: ಆರ್10 ಪಾಸ್, ಆಗಸ್ಟ್ 14. ಅಂದ್ರೆ ಬಿಓಡಬ್ಲ್ಯೂಪಿ ರಿಜೆಕ್ಟ್ ಆಗಿ ಎರಡು ವಾರಕ್ಕೆ. ಆ ಫೈಲ್ ಇನ್ನು ಹದಿನೈದು ದಿನ ಟೇಬಲ್ ಕೆಳಗೆ ಬಿದ್ದಿದ್ದಿದ್ರೆ ಅವಳಿಗೂ ಬಂದಿರೋದು, ಆಗ ಅವಳೂ ಇನ್ನೊಬ್ಬರಿಗೆ ಹೇಳ್ತಿದ್ಳು, ಮಾರನೇ ದಿನಾನೇ ಹಾಕಿ ಏನೂ ಆಗಲ್ಲ ನಂಗೂ ಬಂತು ಅಂತ.

ಸೆಪ್ಟೆಂಬರ್ 27ಕ್ಕೆ ಪಿಜಿಡಬ್ಲ್ಯೂಪಿ ಎಕ್ಸ್‌ಟೆನ್ಷನ್ ಬಂತು. ನವೆಂಬರ್ 14ರವರೆಗೆ. ಏಳು ವಾರ! ಇದಕ್ಕೆ ಮೂರು ತಿಂಗಳು ಕಾದಿದ್ದಾ ಅಂತ ಅವಳ ಮುಖ ನೋಡಬೇಕಿತ್ತು. ನಾನು ಮಾತ್ರ ಖುಷಿಯಾಗಿದ್ದೆ. ಆ ಏಳು ವಾರದ ಬೆಲೆ ಏಳು ವಾರ ಅಲ್ಲ, ಮತ್ತೆ ಜೀವ ಇರೋ ಒಂದು ಪರ್ಮಿಟ್ ಕೈಲಿತ್ತು, ಅದರ ಮೇಲೆ ಸರಿಯಾದ ಬಿಓಡಬ್ಲ್ಯೂಪಿ ಹಾಕೋಕೆ. ಅಕ್ಟೋಬರ್ 8ಕ್ಕೆ ಹಾಕಿದ್ಳು, ಈ ಸಲ ಎಓಆರ್ ಜೊತೆ ನೋಟ್ಸ್‌ನ ಆ ಪುಟ, ಆ ಸಾಲಿಗೆ ಹಳದಿ ಬಳಿದು. ಎಚ್‌ಆರ್‌ಗೂ ಅವತ್ತೇ ಮೇಲ್, ನವೆಂಬರ್ 14 ದಾಟಿದಾಗ ಏನು ತಿಳ್ಕೋಬೇಕು ಅಂತ ಮುಂಚೆನೇ. ನವೆಂಬರ್ 15ರ ಬೆಳಿಗ್ಗೆ ಕೆಂಪಕ್ಷರದ ಮೇಲ್ ಮತ್ತೆ ಬಂತು. ಎಚ್‌ಆರ್ ಹೆಂಗಸು ತಾವೇ ಕೆಳಗೆ ಒಂದು ಸಾಲು ಹಾಕಿ ಕಳಿಸಿದ್ರಂತೆ, ಇದನ್ನ ಕಡೆಗಣಿಸು, ನಂಗೆ ಗೊತ್ತು.

ಎರಡನೇ ಬಿಓಡಬ್ಲ್ಯೂಪಿಗೆ ಉತ್ತರ ಬರ್ಲೇ ಇಲ್ಲ. ಡಿಸೆಂಬರ್ ಮೂರನೇ ವಾರ ಪಿಆರ್ ಪೋರ್ಟಲ್‌ಗೆ ಕರೆ ಬಂತು, ಫೋಟೋ ಹಾಕಿ, ಕೆನಡಾದಲ್ಲೇ ಇದೀನಿ ಅಂತ ಘೋಷಣೆ ಮಾಡಿ, ಕೆಲವೇ ದಿನಕ್ಕೆ ಇ-ಸಿಓಪಿಆರ್, ಪಿಆರ್ ಆಯ್ತು ಅಂತ ಖಾತ್ರಿ ಮಾಡೋ ಪತ್ರ. ಮೂರು ಪರ್ಮಿಟ್ ಅರ್ಜಿಗೆ ಒಟ್ಟು 765 ಡಾಲರ್ ಕಟ್ಟಿ ಅವಳ ಕೈಗೆ ಬಂದಿದ್ದು ಏಳು ವಾರದ ಒಂದು ಹಾಳೆ. ಆದ್ರೆ ಜೂನ್‌ನಿಂದ ಡಿಸೆಂಬರ್‌ವರೆಗೆ ಒಂದು ದಿನದ ಸಂಬಳಾನೂ ಹೋಗ್ಲಿಲ್ಲ, ಆ ಸಿಕ್ ಲೀವ್ ಸೇರಿ. ಬರ್ದೇ ಇದ್ದ ಉತ್ತರಕ್ಕೆ ಕಟ್ಟಿದ 255 ಕೂಡ ದಂಡ ಅಂತ ನಾನು ಅನ್ನಲ್ಲ, ನವೆಂಬರ್ 14ರಿಂದ ಮುಂದಕ್ಕೆ ಅವಳು ನಿಂತಿದ್ದೇ ಅದರ ಮೇಲೆ.

ಹೊಸ ವರ್ಷದಲ್ಲಿ ಹೊಸ ಸಿನ್ ತಗೊಂಡಳು, 9 ಹೋಗಿ 5ರಿಂದ ಶುರು ಆಗೋದು. ನಂಬರ್ ಮೇಲೆ ಹೆಬ್ಬೆಟ್ಟು ಇಟ್ಟು ಮೊದಲ ಅಂಕಿ ಮಾತ್ರ ಕಾಣೋ ಹಾಗೆ ಫೋಟೋ ಕಳಿಸಿದ್ಳು. ಆ ಸಂಜೆನೇ ಊರಿಗೆ ಟಿಕೆಟ್ ನೋಡ್ತಿದೀನಿ ಅಕ್ಕ ಅಂದ್ಳು. ಪಿಆರ್ ಕಾರ್ಡ್ ಬಂತಾ ಅಂದೆ. ಇಲ್ಲ, ಪೋಸ್ಟಲ್ಲಿ ಬರುತ್ತಂತೆ, ಆದ್ರೆ ಪಿಆರ್ ಆಯ್ತಲ್ಲ ಅಂದ್ಳು. ಕಾರ್ಡ್ ಇಲ್ದೆ ವಾಪಸ್ ಬರೋ ವಿಮಾನ ಹತ್ತಿಸಲ್ಲ ಕಣೇ, ಹೊರಗಡೆಯಿಂದ ಬೇರೆ ಟ್ರಾವೆಲ್ ಡಾಕ್ಯುಮೆಂಟ್‌ಗೆ ಅರ್ಜಿ ಹಾಕಬೇಕಾಗುತ್ತೆ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ.

ಕಾರ್ಡ್ ಫೆಬ್ರವರಿಯಲ್ಲಿ ಬಂತು. ಟಿಕೆಟ್ ಬುಕ್ ಮಾಡಿದ್ದು ಅದಾದ ಮೇಲೆ.